ನಿದ್ದೆಯ ಗುಟ್ಟು ಬಯಲಾದ ಬಗೆ

ಪರೀಕ್ಷೆ ಹತ್ತಿರ ಬಂದಂತೆ ನಿಮ್ಮ ಕೋಣೆಯ ದೀಪ ಆರುವುದು ತಡವಾಗುತ್ತದೆ. ನಿದ್ದೆಗೆ ಕೊಟ್ಟ ಹೊತ್ತೆಲ್ಲ ಓದಿಗೆ ನಷ್ಟ ಎಂಬ ಲೆಕ್ಕ ನಿಮ್ಮಲ್ಲಿ ಹಲವರದು. ಈ ಲೆಕ್ಕ ಸರಿಯೇ? ವಿಜ್ಞಾನದ ಇತಿಹಾಸವನ್ನೇ ಕೇಳೋಣ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಇಬ್ಬರು ವಿದ್ಯಾರ್ಥಿಗಳು ತಲಾ 10 ಅರ್ಥವಿಲ್ಲದ ಅಕ್ಷರಗುಚ್ಛಗಳಿರುವ ಪಟ್ಟಿಗಳನ್ನು ಬಾಯಿಪಾಠ ಮಾಡಬೇಕಿತ್ತು. ಕೆಲವನ್ನು ಬೆಳಿಗ್ಗೆ, ಕೆಲವನ್ನು ಮಲಗುವ ಮುನ್ನ. 8 ಗಂಟೆಗಳ ಬಳಿಕ ಪರೀಕ್ಷಿಸಿದಾಗ, ಎಚ್ಚರವಾಗಿದ್ದರೆ ಸರಾಸರಿ ಒಂದು ಗುಚ್ಛ ಮಾತ್ರ ನೆನಪಿರುತ್ತಿತ್ತು. ನಿದ್ರಿಸಿದ್ದರೆ ಐದಕ್ಕೂ ಹೆಚ್ಚು! ವಿದ್ಯಾರ್ಥಿಗಳು ಅವರೇ, ಕಳೆದ ಅವಧಿಯೂ ಅಷ್ಟೇ. ಹಗಲಿನ ಹೊಸ ಹೊಸ ಅನುಭವಗಳು ಕಲಿತದ್ದನ್ನು ಅಳಿಸುತ್ತವೆ, ನಿದ್ದೆ ಅದನ್ನು ಕಾಪಾಡುತ್ತದೆ ಎಂದು ಅವರು ವಿವರಿಸಿದರು.

ನಿದ್ದೆಯಲ್ಲಿ ಮಿದುಳು ಸುಮ್ಮನೆ ವಿರಮಿಸುತ್ತದೆ ಎಂಬುದೇ ಆಗಿನ ಸಾಮಾನ್ಯ ನಂಬಿಕೆ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಅಲುಗಿಸಿದರು. ನಿದ್ರಿಸುವವರ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಚಲಿಸುವುದನ್ನು ಅವರು ದಾಖಲಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸನ್ನು ವರ್ಣಿಸುತ್ತಿದ್ದರು. ಮಲಗಿದವರ ಮಿದುಳು ದುಡಿಯುತ್ತಲೇ ಇತ್ತು! ಹಗಲು ಕಲಿತದ್ದು ಗಟ್ಟಿಯಾಗುವುದೂ, ದೇಹದ ಬೆಳವಣಿಗೆಗೆ ಬೇಕಾದ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ನಿದ್ದೆಯಲ್ಲೇ ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು.

ಹಾಗಾದರೆ ನಿದ್ದೆಯನ್ನೇ ಬಿಟ್ಟರೆ? ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 17 ವರ್ಷದ ಶಾಲಾ ವಿದ್ಯಾರ್ಥಿ ರ‍್ಯಾಂಡಿ ಗಾರ್ಡ್‌ನರ್ 1963ರ ಡಿಸೆಂಬರ್ ಕೊನೆಯಲ್ಲಿ ಇದನ್ನೇ ತನ್ನ ವಿಜ್ಞಾನ ಪ್ರಯೋಗವಾಗಿಸಿಕೊಂಡ. ಒಟ್ಟು 264 ಗಂಟೆ, ಅಂದರೆ 11 ದಿನ, ಎಚ್ಚರವಾಗಿದ್ದ. ದಿನ ಕಳೆದಂತೆ ಸಿಡುಕು, ಭ್ರಮೆ, ಮರೆವು ಕಾಡತೊಡಗಿದವು. 100ರಿಂದ ಏಳೇಳು ಕಳೆಯುತ್ತಾ ಹೋಗು ಎಂದರೆ 65ಕ್ಕೇ ನಿಂತ. ಏನು ಮಾಡುತ್ತಿದ್ದೆ ಎಂಬುದೇ ಅವನಿಗೆ ಮರೆತಿತ್ತು. ಬಳಿಕ 14 ಗಂಟೆ ಮಲಗಿ ಚೇತರಿಸಿಕೊಂಡ. ಆದರೆ ಇಂಥ ಸಾಹಸ ಅಪಾಯಕಾರಿ ಎಂದು ಗಿನ್ನೆಸ್ ಸಂಸ್ಥೆ ಈಗ ಈ ದಾಖಲೆಯನ್ನು ಪರಿಗಣಿಸುವುದಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ನಿಮ್ಮ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಸಲಹೆ. ಇನ್ನೊಂದು ಪಾಠ ಉಳಿದಿದ್ದರೆ ಬೆಳಿಗ್ಗೆ ಬೇಗನೆ ಎದ್ದು ಓದಬಹುದು. ಅದಕ್ಕಾಗಿ ರಾತ್ರಿ ಬೇಗ ಮಲಗಿ; ಓದಿದ್ದನ್ನು ಉಳಿಸಿಕೊಳ್ಳುವ ಕೆಲಸವನ್ನು ಮಿದುಳಿಗೆ ಬಿಡಿ.