ತೂಕ ಮರೆತು ತೂಗುವುದು ಹೇಗೆ?

1952ರ ಜೂನ್ 25ರ ರಾತ್ರಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಷುಗರ್ ರೇ ರಾಬಿನ್ಸನ್ ಸೋತ. ಮಿಡಲ್‌ವೆಯ್ಟ್ ಚಾಂಪಿಯನ್ ಆಗಿದ್ದ ಆತ, ಒಂದು ಮೆಟ್ಟಿಲು ಮೇಲಿನ ಲೈಟ್ ಹೆವಿವೆಯ್ಟ್ ಪಟ್ಟಕ್ಕಾಗಿ ಜೋಯಿ ಮ್ಯಾಕ್ಸಿಮ್‌ನನ್ನು ಎದುರಿಸಿದ್ದ. ಮ್ಯಾಕ್ಸಿಮ್‌ನ ತೂಕ 173 ಪೌಂಡ್, ರಾಬಿನ್ಸನ್‌ನದು 157.5. ಸೆಕೆ ಎಷ್ಟಿತ್ತೆಂದರೆ ಹತ್ತನೇ ಸುತ್ತಿನ ನಂತರ ರೆಫರಿಯೇ ಬಳಲಿ ಹೊರನಡೆದ, ಇನ್ನೊಬ್ಬ ಬಂದ. ಅಂಕಗಳಲ್ಲಿ ಮುಂದಿದ್ದ ರಾಬಿನ್ಸನ್ ಹದಿನಾಲ್ಕನೇ ಸುತ್ತಿಗೆ ಮೂಲೆಯಿಂದ ಏಳಲಿಲ್ಲ.

ದಾಖಲೆಯಲ್ಲಿ ಇದೊಂದು ಸೋಲು. ಆದರೂ 'ಪೌಂಡ್ ಫಾರ್ ಪೌಂಡ್' ಶ್ರೇಷ್ಠ, ಅಂದರೆ ತೂಕದ ಅಂತರವಿಲ್ಲದಿದ್ದರೆ ಎಲ್ಲರಿಗಿಂತ ಮೇಲು, ಎಂದಾಗ ಇಂದಿಗೂ ಮೊದಲು ನೆನಪಾಗುವುದು ರಾಬಿನ್ಸನ್ ಹೆಸರೇ. ಇದು ನ್ಯಾಯವೇ ಎಂದು ನಾನು ಬಹಳ ಸಲ ಕೇಳಿಕೊಂಡಿದ್ದೇನೆ.

ಪೌಂಡ್ ಲೆಕ್ಕವನ್ನು ಅಕ್ಷರಶಃ ಹಿಡಿದು ಬಲವನ್ನು ತೂಕದಿಂದ ಭಾಗಿಸಿದರೆ ಚಿಕ್ಕವರೇ ಗೆಲ್ಲುತ್ತಾರೆ. ದೇಹ ದೊಡ್ಡದಾದಂತೆ ತೂಕ ಏರುವಷ್ಟು ವೇಗವಾಗಿ ಸ್ನಾಯುವಿನ ಬಲ ಏರುವುದಿಲ್ಲ. ತನ್ನ ತೂಕದ ಹಲವು ಪಟ್ಟು ಹೊರುವ ಇರುವೆಯನ್ನು ಯಾರೂ ಜಟ್ಟಿ ಎನ್ನುವುದಿಲ್ಲವಲ್ಲ! ಭಾರ ಎತ್ತುವವರ ನಡುವೆ ಹೋಲಿಕೆಗೆ ಸೂತ್ರಗಳಿವೆ, ಏಕೆಂದರೆ ಅಲ್ಲಿ ಕಿಲೋ ಲೆಕ್ಕ ಕಣ್ಣೆದುರಿಗಿದೆ. ಬಾಕ್ಸಿಂಗಿನಲ್ಲಿ ಅಂಥ ಸಂಖ್ಯೆಯಿಲ್ಲ.

ಹಾಗಾದರೆ ಮೇಲಿನ ವರ್ಗಕ್ಕೆ ಏರಿ ಗೆದ್ದವರನ್ನೇ ದೊಡ್ಡವರೆನ್ನೋಣವೇ? 1938ರಲ್ಲಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಫೆದರ್‌ವೆಯ್ಟ್, ಲೈಟ್‌ವೆಯ್ಟ್, ವೆಲ್ಟರ್‌ವೆಯ್ಟ್ ಮೂರೂ ಪಟ್ಟಗಳನ್ನು ಏಕಕಾಲಕ್ಕೆ ಹಿಡಿದಿದ್ದ. ಅದೂ ಇಡೀ ಆಟದಲ್ಲಿ ಎಂಟೇ ಮುಖ್ಯ ವರ್ಗಗಳಿದ್ದ ಕಾಲದಲ್ಲಿ. ಇಂದು ವೃತ್ತಿಪರ ಬಾಕ್ಸಿಂಗಿನಲ್ಲಿ 17 ವರ್ಗಗಳಿವೆ, ಮೆಟ್ಟಿಲುಗಳು ಗಿಡ್ಡವಾಗಿವೆ. ಹೀಗಾಗಿ ಪಟ್ಟಗಳನ್ನು ಬರಿದೇ ಎಣಿಸಿದರೆ ಹಿಂದಿನವರಿಗೆ ಅನ್ಯಾಯ. ಇನ್ನು 1937ರಿಂದ 1949ರವರೆಗೆ ಹೆವಿವೆಯ್ಟ್ ಪಟ್ಟವನ್ನು 25 ಬಾರಿ ಉಳಿಸಿಕೊಂಡ ಜೋ ಲೂಯಿಗೆ ಏರಲು ಮೇಲೆ ಮೆಟ್ಟಿಲೇ ಇರಲಿಲ್ಲ. ಇಲ್ಲದ ಏಣಿ ಹತ್ತಲಿಲ್ಲವೆಂದು ಅವನ ಅಂಕ ಕಳೆಯುವುದೆಂತು?

ಆದ್ದರಿಂದ ನನ್ನ ಅಳತೆ ಇಷ್ಟು: ಒಬ್ಬ ತನ್ನ ವರ್ಗದಲ್ಲಿ, ತನ್ನ ಕಾಲದ ಒಳ್ಳೆಯವರಿಗಿಂತ ಎಷ್ಟು ಎತ್ತರದಲ್ಲಿದ್ದ ಎಂಬುದು ಮೊದಲು. ಮೇಲೇರಿದ್ದು ಹೆಚ್ಚಿನ ಸಾಕ್ಷಿ, ಏರದಿದ್ದುದು ದೋಷವಲ್ಲ. ಏರಿದಾಗಲೂ ಫಲಿತಾಂಶವನ್ನಷ್ಟೇ ನೋಡದೆ ಆಟವನ್ನು ನೋಡಬೇಕು. 1943ರ ಫೆಬ್ರವರಿಯಲ್ಲಿ ರಾಬಿನ್ಸನ್‌ಗೆ ವೃತ್ತಿಯ ಮೊದಲ ಸೋಲು ಕೊಟ್ಟ ಜೇಕ್ ಲಮೋಟಾ ಅವನಿಗಿಂತ 16 ಪೌಂಡ್ ಹೆಚ್ಚು ತೂಗುತ್ತಿದ್ದ. ಮೂರೇ ವಾರದಲ್ಲಿ ರಾಬಿನ್ಸನ್ ಅವನನ್ನು ಸೋಲಿಸಿದ. ಇಬ್ಬರ ಆರು ಪಂದ್ಯಗಳಲ್ಲಿ ಐದು ರಾಬಿನ್ಸನ್‌ನವು. ಹಾಗೆ ನೋಡಿದರೆ ಯಾಂಕೀ ಸ್ಟೇಡಿಯಂನ ಸೋಲೂ ಅವನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.

ಇದು ಪಟ್ಟಿ ಮಾಡುವವರ ಹರಟೆ ಮಾತ್ರವಲ್ಲ. ಕೆಲವೊಮ್ಮೆ ಮೇಲೇರುವುದು ಆಟಗಾರರ ಆಯ್ಕೆಯೇ ಆಗಿರುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ ಹತ್ತು ತೂಕದ ವರ್ಗಗಳಿದ್ದರೆ ಮಹಿಳೆಯರಿಗೆ ಮೂರೇ. ಅತಿ ಕಡಿಮೆಯದು 51 ಕಿಲೋ. 46 ಮತ್ತು 48 ಕಿಲೋ ವರ್ಗಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ ಅಲ್ಲಿಗೇ ಏರಬೇಕಾಯಿತು. ಅವರು ತಂದ ಕಂಚನ್ನು ತೂಗುವಾಗ ಆ ಕಿಲೋಗಳನ್ನೂ ತಕ್ಕಡಿಗೆ ಹಾಕದಿದ್ದರೆ, ನಮ್ಮ ತಕ್ಕಡಿಯೇ ಸರಿಯಿಲ್ಲ ಎನ್ನಬೇಕು.