ಸೇಬಿನ ಒಳಪೆಟ್ಟು ಕಂಡ ಕಣ್ಣು

ಪೆಟ್ಟು ತಿಂದ ಸೇಬು ಕೂಡಲೇ ಬಾಯಿ ಬಿಡುವುದಿಲ್ಲ. ಬುಟ್ಟಿಯಿಂದ ಪೆಟ್ಟಿಗೆಗೆ ಸುರಿಯುವಾಗ ಬಿದ್ದ ಏಟು ಹೊರಗೆ ಗೋಚರಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಕಡುಗೆಂಪು ಹಣ್ಣಾದರೆ ಸಿಪ್ಪೆ ಸುಲಿಯುವವರೆಗೂ ಗೊತ್ತಾಗದಿರಬಹುದು. ಅಷ್ಟರಲ್ಲಿ ಹಣ್ಣು ಲಾರಿ ಹತ್ತಿ ಅಂಗಡಿ ಸೇರಿರುತ್ತದೆ. ಕೊಂಡವನಿಗೆ ಮೋಸ, ದರ್ಜೆ ಇಳಿದು ರಸದ ಕಾರ್ಖಾನೆಗೆ ಹೋದರೆ ಬೆಳೆದವನಿಗೆ ನಷ್ಟ.

ಏಟು ಬಿದ್ದಲ್ಲಿ ಜೀವಕೋಶಗಳು ಒಡೆಯುತ್ತವೆ. ಬೇರೆ ಬೇರೆಯಾಗಿದ್ದ ಫಿನಾಲ್ ಸಂಯುಕ್ತಗಳೂ ಕಿಣ್ವವೂ ಒಂದಾಗಿ, ಆಮ್ಲಜನಕ ಸೇರಿದಾಗ ಕಂದು ಬಣ್ಣ ಹುಟ್ಟುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಆದರೆ ಬಣ್ಣಕ್ಕೆ ಮುಂಚೆಯೇ ಇನ್ನೊಂದು ಬದಲಾವಣೆ ನಡೆದಿರುತ್ತದೆ. ಸೇಬಿನ ತಿರುಳಿನಲ್ಲಿ ಸುಮಾರು ಕಾಲು ಭಾಗ ಗಾಳಿ. ಅದು ನೀರಿನಲ್ಲಿ ತೇಲುವುದು ಈ ಕಾರಣಕ್ಕೆ. ಕೋಶ ಒಡೆದಾಗ ರಸ ಆ ಗಾಳಿಯ ಜಾಗಕ್ಕೆ ನುಗ್ಗುತ್ತದೆ. ನಮ್ಮ ಕಣ್ಣಿಗೆ ಇದು ಕಾಣದು, ಅವಕೆಂಪು ಬೆಳಕಿಗೆ ಮಾತ್ರ ಕಾಣುತ್ತದೆ. ನೀರು ಆ ಬೆಳಕನ್ನು ಹೀರುವುದರಿಂದ ಪೆಟ್ಟಾದ ಜಾಗ ಚಿತ್ರದಲ್ಲಿ ಮಸುಕಾಗಿ ಮೂಡುತ್ತದೆ.

ಅವಕೆಂಪು ಕಿರಣ ಪತ್ತೆಯಾದದ್ದು 1800ರಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್, ಪಟ್ಟಕದಿಂದ ಹೊಮ್ಮಿದ ಬಣ್ಣಗಳಲ್ಲಿ ಕೆಂಪಿನಾಚೆ ಉಷ್ಣಮಾಪಕವಿಟ್ಟಾಗ ಪಾದರಸ ಏರಿತು. ಅದು ಆಹಾರ ಪರೀಕ್ಷೆಗೆ ಒದಗಲು ನೂರೈವತ್ತು ವರ್ಷ ಬೇಕಾಯಿತು. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದಲ್ಲಿ ಕಾರ್ಲ್ ನಾರಿಸ್ ಕೆಲಸ ಆರಂಭಿಸಿದ್ದು ಮೊಟ್ಟೆಯಿಂದ. ಒಡೆಯದೆಯೇ ಒಳಗಿನ ರಕ್ತದ ಕಲೆ ಗುರುತಿಸುವುದು ಹೇಗೆ ಎಂಬುದು ಪ್ರಶ್ನೆ. ಆಮೇಲೆ ಅವರು ಧಾನ್ಯದ ತೇವಾಂಶವನ್ನು ಅವಕೆಂಪಿನಿಂದಲೇ ಅಳೆದರು.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಬೆಳಕನ್ನು ವಿದ್ಯುತ್ತಾಗಿಸಿತು. ಅಲ್ಲಿಂದ ಚಿತ್ರವೆಂದರೆ ಅಂಕಿಗಳ ಚೌಕಳಿ. ಇವೆರಡೂ ದಾರಿಗಳು ಸೇಬಿನಲ್ಲಿ ಕೂಡಿದವು. ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ರೆನ್‌ಫು ಲು 2003ರಲ್ಲಿ ಪ್ರಕಟಿಸಿದ ಅಧ್ಯಯನ 900ರಿಂದ 1700 ನ್ಯಾನೋಮೀಟರ್ ತರಂಗಗಳಲ್ಲಿ ಸೇಬಿನ ಚಿತ್ರ ತೆಗೆದಿತ್ತು. ಪೆಟ್ಟು ಗುರುತಿಸಲು 1000ರಿಂದ 1340ರ ನಡುವಿನ ಪಟ್ಟಿ ಹೆಚ್ಚು ಅನುಕೂಲವೆಂದು ಕಂಡಿತು.

ಯಂತ್ರಕ್ಕೂ ಭ್ರಮೆಗಳುಂಟು. ತೊಟ್ಟಿನ ಗುಳಿಯೂ ಅದರ ಎದುರು ತುದಿಯ ಗುಳಿಯೂ ಅದಕ್ಕೆ ಪೆಟ್ಟಿನಂತೆಯೇ ತೋರುತ್ತವೆ. ಹಣ್ಣು ಉರುಳುರುಳಿ ಬರುವ ಪಟ್ಟಿಯ ಮೇಲೆ, ರೆಪ್ಪೆ ಮಿಟುಕಿಸುವಷ್ಟರಲ್ಲಿ ಗುಳಿ ಯಾವುದು, ಗಾಯ ಯಾವುದು ಎಂದು ತೀರ್ಮಾನಿಸಬೇಕು. ನೂರಾರು ತರಂಗಗಳ ಚಿತ್ರವನ್ನು ಲೆಕ್ಕ ಹಾಕುತ್ತ ಕೂರಲು ಅಲ್ಲಿ ಪುರುಸೊತ್ತಿಲ್ಲ. ಆದ್ದರಿಂದಲೇ ನಾಲ್ಕಾರು ತರಂಗಗಳನ್ನಷ್ಟೇ ಆರಿಸಿಕೊಳ್ಳುವ ಉಪಾಯ.

ಎಷ್ಟಾದರೂ ಕ್ಯಾಮೆರಾ ಹೇಳುವುದು ಆಗಿಹೋದ ಪೆಟ್ಟಿನ ಸಂಗತಿ. ಮಿಷಿಗನ್‌ನಲ್ಲೇ 1990ರ ಹೊತ್ತಿಗೆ ಇನ್ನೊಂದು ಬುದ್ಧಿವಂತಿಕೆಯ ಸಾಧನ ಸಿದ್ಧವಾಗಿತ್ತು. ಅದು ಹಣ್ಣಿನ ವೇಷದ ಗುಂಡು. ಒಳಗೆ ಆಘಾತ ಅಳೆಯುವ ಉಪಕರಣ. ಸೇಬುಗಳ ಜೊತೆ ಅದನ್ನೂ ಉರುಳಿಬಿಟ್ಟರೆ, ಎಲ್ಲೆಲ್ಲಿ ಎಷ್ಟು ಜೋರಾಗಿ ಏಟು ಬಿತ್ತೆಂದು ದಾಖಲಿಸಿಕೊಂಡು ಬರುತ್ತದೆ. ಆ ಜಾಗಕ್ಕೆ ಮೆತ್ತನೆಯ ಹಾಸು ಹಾಕಬಹುದು.