ಜೀರ್ಣೋದ್ಧಾರವೋ, ರೂಪಾಂತರವೋ? ಒಂದು ಹಳೆಯ ಜಾವಾದ ಸುತ್ತ

ಇತಿಹಾಸದ ಮೇಷ್ಟ್ರಿಗೂ ಮೋಟಾರ್ ಸೈಕಲ್ಲಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಕದಂಬರು, ಗಂಗರು ಎಂದು ಇಸವಿಗಳನ್ನು ಬಾಯಿಪಾಠ ಮಾಡಿಸಿದವನು ಈಗ ಕಾರ್ಬುರೇಟರ್, ಸೈಲೆನ್ಸರ್ ಎನ್ನತೊಡಗಿದರೆ ಅಚ್ಚರಿಯಾಗುವುದು ಸಹಜವೇ. ಆದರೆ ನಮ್ಮ ಬಂಧುವರ್ಗದಲ್ಲಿ ಕೆಲವು ತಿಂಗಳಿಂದ ಒಂದು ತುಕ್ಕು ಹಿಡಿದ ಜಾವಾ ಗಾಡಿಯ ವಿಷಯವಾಗಿ ನಡೆದಿರುವ ವಾಗ್ವಾದವು ನನ್ನ ದೃಷ್ಟಿಯಲ್ಲಿ ಅಪ್ಪಟ ಇತಿಹಾಸದ ಪ್ರಶ್ನೆ. ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪಕ್ಕೆ ಅದನ್ನು ಮರಳಿಸಬೇಕೇ, ಇಲ್ಲವೇ ಕತ್ತರಿಸಿ, ಬೆಸೆದು, ಇಂದಿನ ಅಭಿರುಚಿಗೆ ತಕ್ಕಂತೆ ಬೇರೆಯದೇ ಗಾಡಿಯನ್ನಾಗಿ ಮಾಡಬೇಕೇ? ಎರಡೂ ಪಕ್ಷದವರು ನನ್ನ ಅಭಿಪ್ರಾಯ ಕೇಳಿದ್ದಾರೆ. ಎಲ್ಲರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ವಂಶವೃತ್ತಾಂತ. ಜಾವಾ ಎಂದೊಡನೆ ಇಂಡೋನೇಷ್ಯಾದ ದ್ವೀಪವನ್ನು ನೆನೆಯುವವರುಂಟು. ಅದಕ್ಕೂ ಇದಕ್ಕೂ ನಂಟಿಲ್ಲ. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು ಮೋಟಾರ್ ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಕೊಂಡನು. ಅವನ ಹೆಸರಿನ ಮೊದಲ ಭಾಗ, ವಾಂಡರರ್‌ನ ಮೊದಲ ಭಾಗ ಎರಡೂ ಕೂಡಿ ‘ಜಾವಾ’ ಆಯಿತು. ಚೆಕ್ಕರ ಬಾಯಲ್ಲಿ ಅದು ‘ಯಾವಾ’. ಎರಡನೆಯ ಮಹಾಯುದ್ಧದಲ್ಲಿ ದೇಶ ಜರ್ಮನರ ವಶದಲ್ಲಿದ್ದಾಗ, ಅವರ ಕಣ್ಣು ತಪ್ಪಿಸಿ ಅಲ್ಲಿನ ತಂತ್ರಜ್ಞರು ಹೊಸದೊಂದು 250 ಸಿಸಿ ಗಾಡಿಯನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಅದು ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡು ಹೆಸರು ಮಾಡಿತು. ನಮ್ಮ ಮೈಸೂರಿನ ಜಾವಾ ಆ ಗಾಡಿಯ ಮುಂದಿನ ಪೀಳಿಗೆಯದು.

ಮೈಸೂರಿಗೆ ಅದು ಬಂದದ್ದು ಆಮದು ನಿರ್ಬಂಧದ ದೆಸೆಯಿಂದ. ಸ್ವಾತಂತ್ರ್ಯಾನಂತರ ಹೊರದೇಶದ ವಾಹನಗಳನ್ನು ತರಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಬಂದು, ಇಲ್ಲಿಯೇ ತಯಾರಿಸುವವರಿಗೆ ಮಾತ್ರ ದಾರಿ ಉಳಿಯಿತು. ಮುಂಬಯಿಯಲ್ಲಿ ಜಾವಾ ವ್ಯಾಪಾರ ಮಾಡುತ್ತಿದ್ದ ರುಸ್ತುಂ ಇರಾನಿಯವರು ಫರೂಖ್ ಇರಾನಿಯವರೊಡನೆ ಸೇರಿ 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಕಟ್ಟಿದರು. ಮಾರನೆಯ ವರ್ಷ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಸರಳೇ ಗೇರಿನ ಸರಳೂ ಹೌದು, ಒಳಕ್ಕೆ ಒತ್ತಿ ಎತ್ತಿದರೆ ಕಿಕ್ಕರ್, ಸ್ವಸ್ಥಾನದಲ್ಲಿ ಬಿಟ್ಟರೆ ಗೇರು. ಪೆಟ್ರೋಲಿನೊಡನೆ ಆಯಿಲ್ ಬೆರೆಸಿ ಹಾಕಬೇಕು. ಹಿಂದೆ ಬಿಡುವ ನೀಲಿ ಹೊಗೆಯಿಂದ, ಆ ‘ಡುಗುಡುಗು’ ಸದ್ದಿನಿಂದ ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿಯಬಹುದಿತ್ತು.

1973ರಿಂದ ಅದೇ ಕಾರ್ಖಾನೆಯ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಲ್ಲಿ ಬಂದವು; ಇರಾನಿನ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಬಂತು. 1985ರ ಆಸುಪಾಸಿನಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬೀದಿಗಿಳಿದ ಮೇಲೆ ಲೀಟರಿಗೆ ಎಷ್ಟು ಕಿಲೋಮೀಟರು ಎಂಬ ಲೆಕ್ಕವೇ ಮುಖ್ಯವಾಯಿತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ.

ಇಷ್ಟನ್ನು ಏಕೆ ಹೇಳಿದೆನೆಂದರೆ, ‘ಮೂಲರೂಪ’ ಎಂಬ ಮಾತನ್ನು ಪರೀಕ್ಷಿಸಬೇಕಾಗಿದೆ. ಮೊದಲ ವರ್ಷಗಳ ಗಾಡಿಗಳಲ್ಲಿ ಚೆಕ್ ದೇಶದಿಂದ ಬಂದ ಭಾಗಗಳೇ ಹೆಚ್ಚು: ಜಿಕೋವ್ ಕಾರ್ಬುರೇಟರು, ಪಾಲ್ ಎಂಬ ಮುದ್ರೆಯ ವಿದ್ಯುತ್ ಸಾಮಾನು. ಕ್ರಮೇಣ ಒಂದೊಂದಾಗಿ ಅವುಗಳ ಜಾಗಕ್ಕೆ ದೇಶೀ ಭಾಗಗಳು ಬಂದವು. ಹೀಗಿರುವಾಗ ಯಾವ ವರ್ಷದ, ಯಾವ ತಿಂಗಳಿನ ರೂಪ ಮೂಲ? ಐವತ್ತು ವರ್ಷ ಓಡಿದ ಗಾಡಿಯಲ್ಲಿ ಮಾಲೀಕರು, ಮೆಕ್ಯಾನಿಕ್ಕುಗಳು ಬದಲಿಸಿದ್ದನ್ನು ಎಣಿಸುವುದೇ ಬೇಡ.

ಈ ತೊಡಕು ಗಾಡಿಗೆ ಮಾತ್ರ ಬಂದದ್ದಲ್ಲ. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ (ಹತ್ತನೆಯ ತರಗತಿಯಲ್ಲಿ ಇದನ್ನು ಕರಿಹಲಗೆಯ ಮೇಲೆ ಬಿಡಿಸಿ ಬರೆದದ್ದು ಕೆಲವರಿಗಾದರೂ ನೆನಪಿರಬೇಕು). ದೇವಾಲಯಕ್ಕೆ ಭೂಮಿ ಬಿಡುವಾಗ ಪೂಜೆಗೆ ಇಷ್ಟು, ಅನ್ನದಾನಕ್ಕೆ ಇಷ್ಟು ಎನ್ನುವುದರ ಜೊತೆಗೆ ಒಡೆದದ್ದು, ಬಿರುಕು ಬಿಟ್ಟದ್ದು, ಶಿಥಿಲವಾದದ್ದು ಇವುಗಳ ದುರಸ್ತಿಗೆಂದೂ ದತ್ತಿಯಿರುತ್ತಿತ್ತು. ಗಮನಿಸಬೇಕಾದದ್ದು, ಅಲ್ಲಿ ಮಾತು ಒಡಕನ್ನು ಸರಿಪಡಿಸುವುದರದು. ನಡುವಿನ ಕಾಲವನ್ನು ಅಳಿಸಿಹಾಕುವುದರದಲ್ಲ. ಬೇಲೂರನ್ನೇ ನೋಡಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಗೆ ಇಂದಿರುವ ಮಹಾದ್ವಾರ ಗೋಪುರ ವಿಜಯನಗರದ ಕಾಲದ್ದು. ‘ಹೊಯ್ಸಳರದಲ್ಲ’ ಎಂದು ಯಾರೂ ಅದನ್ನು ಕೆಡವಲಿಲ್ಲ. ಗರ್ಭಗುಡಿಯ ಮೇಲಿದ್ದ ಶಿಖರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಶಿಥಿಲವಾಯಿತೆಂದು ಇಳಿಸಿದರು. ‘ಹೀಗಿದ್ದಿರಬಹುದು’ ಎಂದು ಊಹಿಸಿ ಯಾರೂ ಅದನ್ನು ಮರಳಿ ಕಟ್ಟಲೂ ಇಲ್ಲ. 1964ರ ವೆನಿಸ್ ಸನ್ನದು ಇದನ್ನೇ ನಿಯಮವಾಗಿ ಹೇಳಿತು: ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು.

ರೂಪಾಂತರದ ಪಕ್ಷಕ್ಕೂ ಅದರದೇ ಆದ ಇತಿಹಾಸವಿದೆ; ಅದನ್ನು ಹುಡುಗಾಟಿಕೆ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಯುದ್ಧದಿಂದ ಮರಳಿದ ಸೈನಿಕರು ಭಾರದ ಗಾಡಿಗಳ ಮಡ್‌ಗಾರ್ಡುಗಳನ್ನು ಕತ್ತರಿಸಿ ಹಗುರ ಮಾಡಿಕೊಂಡದ್ದರಿಂದಲೇ ‘ಬಾಬರ್’ ಎಂಬ ಮಾದರಿ ಬೆಳೆಯಿತು. ನಮ್ಮ ದೇಶದಲ್ಲಿ ಇನ್ನೂ ಸೊಗಸಾದ ನಿದರ್ಶನವಿದೆ. ಯುದ್ಧ ಮುಗಿದ ಮೇಲೆ ಇಲ್ಲಿಯೇ ಉಳಿದ ಸೈನ್ಯದ ಹಾರ್ಲೆ ಡೇವಿಡ್ಸನ್ ಗಾಡಿಗಳನ್ನು ದೆಹಲಿಯ ಕುಶಲಿಗಳು ಮೂರು ಗಾಲಿಯ ‘ಫಟ್‌ಫಟಿ’ಗಳನ್ನಾಗಿ ಮಾಡಿದರು. ಚಾಂದನಿ ಚೌಕಕ್ಕೂ ಕನಾಟ್ ಪ್ಲೇಸಿಗೂ ನಡುವೆ ಅವು ದಶಕಗಳ ಕಾಲ ಜನರನ್ನು ಹೊತ್ತವು. ಇಂದು ಯಾರಿಗಾದರೂ ಅಂಥ ಫಟ್‌ಫಟಿಯೊಂದು ಸಿಕ್ಕಿ, ಹಿಂದಿನ ಗಾಲಿಗಳನ್ನು ಕಿತ್ತೆಸೆದು, ಸೈನ್ಯದ ಹಸಿರು ಬಳಿದು ‘ಮೂಲರೂಪಕ್ಕೆ ತಂದೆ’ ಎಂದರೆ ಅದನ್ನು ಜೀರ್ಣೋದ್ಧಾರ ಎನ್ನೋಣವೇ? ಮೂರು ನಾಲ್ಕು ವರ್ಷದ ಯುದ್ಧಸೇವೆಗಾಗಿ ನಲವತ್ತು ವರ್ಷದ ಜನಸೇವೆಯನ್ನು ಅಳಿಸಿದಂತಾಯಿತೆಂದೇ ನಾನು ಹೇಳುತ್ತೇನೆ.

ಇನ್ನು ನಮ್ಮ ಮನೆಯ ಗಾಡಿ. ಅದು ತೀರಿಹೋದ ನನ್ನ ಭಾವನದು, 1968ರದು. ಭಾವ ಪಶುವೈದ್ಯ ಇಲಾಖೆಯಲ್ಲಿದ್ದವರು. ಸಕಲೇಶಪುರದ ಸುತ್ತಿನ ಹಳ್ಳಿಗಳು ಅವರ ವ್ಯಾಪ್ತಿ. ಸಾಲ ಮಾಡಿ ಗಾಡಿ ಕೊಂಡ ಕೆಲವೇ ತಿಂಗಳಲ್ಲಿ ಅಲ್ಲಿಯ ಕುಲುಮೆಯ ಆಚಾರಿಯೊಬ್ಬರಿಂದ ಸೀಟಿನ ಹಿಂದೆ ಒಂದು ಭಾರಿ ಕಬ್ಬಿಣದ ಕ್ಯಾರಿಯರ್ ಮಾಡಿಸಿದರು. ಅದರ ಮೇಲೆ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ತುಂಬಿದ ಫ್ಲಾಸ್ಕು. ಫ್ಲಾಸ್ಕಿನಲ್ಲಿ ಹಳ್ಳಿಗರು ‘ದೊಡ್ಡರೋಗ’ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಪಿಡುಗಿಗೆ ಲಸಿಕೆ. ಲಸಿಕೆ ಬಿಸಿಯಾದರೆ ನಿಷ್ಪ್ರಯೋಜಕ. ಆದ್ದರಿಂದ ಮಂಜು ಕರಗುವ ಮೊದಲೇ ಹಳ್ಳಿ ಮುಟ್ಟಬೇಕು, ದನಗಳು ಮೇಯಲು ಹೊರಡುವ ಮೊದಲೇ ಚುಚ್ಚಬೇಕು. ಈ ರೋಗದ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1954ರಲ್ಲಿ. ಭಾರತ ರೋಗಮುಕ್ತವೆಂದು ಮಾನ್ಯತೆ ಪಡೆದದ್ದು 2006ರಲ್ಲಿ. ಜಗತ್ತೇ ಮುಕ್ತವಾಯಿತೆಂದು ಘೋಷಿಸಿದ್ದು 2011ರಲ್ಲಿ. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಅಳಿದ ಎರಡನೆಯ ರೋಗ ಇದೊಂದೇ. ಆ ದೊಡ್ಡ ಚರಿತ್ರೆಯ ಒಂದು ಸಣ್ಣ ದಾಖಲೆ ನನ್ನ ಅಕ್ಕನ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ನಿಂತಿದೆ. 2001ರಿಂದ ಓಡಿಲ್ಲ.

ಅಕ್ಕನ ಮಗ, ‘ಮಾವ, ಶೋರೂಮಿನಿಂದ ಬಂದ ಹಾಗೆ ಮಾಡಿಸಿಬಿಡೋಣ. ಖರ್ಚು ನನಗಿರಲಿ’ ಎನ್ನುತ್ತಾನೆ. ಜುಲೈ ತಿಂಗಳ ಎರಡನೆಯ ಭಾನುವಾರ ನಡೆಯುವ ಜಾವಾ ದಿನಾಚರಣೆಗೆ ಅಪ್ಪನ ಗಾಡಿಯನ್ನು ಒಯ್ಯಬೇಕೆಂಬುದು ಅವನ ಆಸೆ. ಅವನ ಮಗ ಇಂಜಿನಿಯರಿಂಗ್ ಓದುತ್ತಿರುವವನು. ಹಿಂಭಾಗ ಕತ್ತರಿಸಿ ಬಾಬರ್ ಮಾಡಬೇಕೆನ್ನುತ್ತಾನೆ. ‘ತಾತ, ಫಳಫಳ ಮಾಡಿ ನಿಲ್ಲಿಸಿದರೆ ವರ್ಷಕ್ಕೊಂದು ದಿನ ಹೊರಗೆ ಬರುತ್ತೆ ಅಷ್ಟೆ. ಮುತ್ತಾತನ ಕಾಲದ ಹಾಗೆ ದಿನಾ ಓಡಬೇಕು ಅನ್ನೋದು ನಾನು’ ಎಂದು ನನಗೇ ವಾದ ಹೂಡಿದ. (ಅವನಿಗೆ ಭಾವ ಮುತ್ತಾತನಲ್ಲ, ತಾತ. ನಾನು ತಿದ್ದಿದೆ.) ವಾದದಲ್ಲಿ ಹುರುಳಿಲ್ಲದಿಲ್ಲ, ಭಾವ ಗಾಡಿ ಕೊಂಡದ್ದು ಓಡಿಸುವುದಕ್ಕೇ. ತಂದೆ ಮಗ ಇಬ್ಬರೂ ಒಪ್ಪಿದ ಸಂಗತಿ ಒಂದೇ: ಕ್ಯಾರಿಯರ್ ಹೋಗಬೇಕು. ಒಬ್ಬನಿಗೆ ಅದು ಕಂಪನಿಯದಲ್ಲ, ಇನ್ನೊಬ್ಬನಿಗೆ ಅದು ಚೆಂದವಿಲ್ಲ. ಅಕ್ಕ ಇಬ್ಬರ ಮಾತನ್ನೂ ಕೇಳಿ, ‘ನಿಮ್ಮ ಭಾವನ ಹಿಂದೆ ಘಾಟಿಯಲ್ಲಿ ಕೂತು ಹೋಗುವಾಗ ನಾನು ಹಿಡ್ಕೊಳ್ತಿದ್ದದ್ದು ಅದನ್ನೇ’ ಎಂದಳು. ಅಷ್ಟೇ ಅವಳು ಆಡಿದ್ದು.

ಕಾನೂನಿನ ಮಾತನ್ನೂ ಹೇಳಬೇಕು, ಏಕೆಂದರೆ ಹುಡುಗರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಚಾಸಿಸ್ ಕತ್ತರಿಸಿದ ಗಾಡಿಗೆ ಮುಂದೆ ನೋಂದಣಿ ನವೀಕರಣ, ವಿಮೆ ಎಲ್ಲವೂ ತೊಡಕು. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮವೋ ವಾಹನ ಮೂಲಸ್ವರೂಪದಲ್ಲಿಯೇ ಇರಬೇಕೆನ್ನುತ್ತದೆ, ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ತಂದೆಯ ಆಸೆಗೆ ಆ ನೋಂದಣಿ ಸರಿ. ಮಗನ ಆಸೆಗೆ ಅಲ್ಲ.

ಕೊನೆಗೆ ನಾನು ಹೇಳಿದ್ದು ಇದು. ತುಕ್ಕಿನಲ್ಲಿ ಎರಡು ಬಗೆ. ಮೇಲೆ ಕುಳಿತದ್ದು ಒಂದು, ಲೋಹವನ್ನು ತಿಂದದ್ದು ಇನ್ನೊಂದು. ಸ್ಕ್ರೂ ಡ್ರೈವರಿನ ತುದಿಯಿಂದ ಒತ್ತಿದರೆ ತಿಳಿಯುತ್ತದೆ. ತಿಂದದ್ದನ್ನು ಬದಲಿಸಿ, ಕುಳಿತದ್ದನ್ನು ತಡೆಯಿರಿ. ಚಾಸಿಸ್ಸಿಗೆ ಗರಗಸ ಬೇಡ. ಎಂಜಿನ್ನಿನ ವಿಷಯದಲ್ಲಿ ಭಾವುಕತೆ ಸಲ್ಲದು. ಕ್ರ್ಯಾಂಕಿನ ಆಯಿಲ್ ಸೀಲುಗಳು ಇಷ್ಟು ವರ್ಷದಲ್ಲಿ ಒಣಗಿ ಬಿರಿದಿರುತ್ತವೆ, ಟೂ ಸ್ಟ್ರೋಕ್ ಎಂಜಿನ್ ಗಾಳಿ ಎಳೆದುಕೊಂಡರೆ ಬಾಳುವುದಿಲ್ಲ. ಅವೆಲ್ಲ ಹೊಸದಾಗಲಿ. ಆರು ವೋಲ್ಟಿನ ಮಂಕು ದೀಪದಲ್ಲಿ ಮೊಮ್ಮಗ ಇಂದಿನ ರಸ್ತೆಯಲ್ಲಿ ರಾತ್ರಿ ಓಡಿಸುವುದು ಬೇಡ, ಹನ್ನೆರಡು ವೋಲ್ಟಿಗೆ ಬದಲಿಸಿ. ತೆಗೆದ ಡೈನಮೋ ಜೋಪಾನವಾಗಿ ಇರಲಿ. ಟ್ಯಾಂಕಿನ ಬಲಗಡೆಯ ತಗ್ಗು ಎತ್ತಿನ ಕೊಂಬಿನದು. ಅದನ್ನು ಮುಟ್ಟಬೇಡಿ. ಕ್ಯಾರಿಯರ್ ಇರಲಿ.

ಮಗನಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಕ್ಯಾರಿಯರ್ ಇದ್ದರೆ ವಿಂಟೇಜ್ ನೋಂದಣಿಗೆ ಅಡ್ಡಿಯಾದೀತೆಂಬ ಅವನ ಅಳುಕು ಸಕಾರಣವೇ. ಸದ್ಯಕ್ಕೆ ಸಾಮಾನ್ಯ ನವೀಕರಣವನ್ನೇ ಮಾಡಿಸುವುದೆಂದಾಗಿದೆ. ಎಂವೈ ಅಕ್ಷರಗಳಿಂದ ಆರಂಭವಾಗುವ ನಂಬರಿನ ಆರ್‌ಸಿ ಪುಸ್ತಕ ಅಕ್ಕನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಸಿಕ್ಕಿತು. ಪಿಸ್ಟನ್ ಹಿಡಿದುಕೊಂಡಿತ್ತು, ಪ್ಲಗ್ಗಿನ ತೂತಿನಿಂದ ಡೀಸೆಲ್ ಬಿಟ್ಟು, ಕಿಕ್ ಹೊಡೆಯದೆ ಹತ್ತು ದಿನ ಕಾದ ಮೇಲೆ ಸಡಿಲವಾಯಿತು. ಈಗ ಕ್ರ್ಯಾಂಕ್ ಲೇತ್ ಅಂಗಡಿಯಲ್ಲಿದೆ.

ಬಣ್ಣದ ತಕರಾರು ಮಾತ್ರ ಉಳಿದಿತ್ತು. ಗಾಡಿ ಎರಡು ಬಾರಿ ಬಣ್ಣ ಕಂಡದ್ದು; ಕಂಪನಿಯ ಮರೂನ್ ಹೇಗಿತ್ತೆಂಬುದಕ್ಕೆ ಕೈಗೆ ಸಿಕ್ಕ ಚಿತ್ರಗಳಲ್ಲಿ ಒಂದಕ್ಕೊಂದು ತಾಳೆಯಿಲ್ಲ. ಕಳೆದ ಭಾನುವಾರ ಮೊಮ್ಮಗ ತುಕ್ಕು ಉಜ್ಜಲೆಂದು ಕ್ಯಾರಿಯರಿನ ಬೋಲ್ಟುಗಳನ್ನು ಬಿಚ್ಚಿದಾಗ, ಆಚಾರಿ ಕೂರಿಸಿದ್ದ ಪಟ್ಟಿಯ ಅಡಿಯಲ್ಲಿ ಮಡ್‌ಗಾರ್ಡಿನ ಮೇಲೆ ಅಂಗೈಯಗಲದಷ್ಟು ಹಳೆಯ ಬಣ್ಣ ಬಿಸಿಲು ಮಳೆ ಕಾಣದೆ ಹಾಗೆಯೇ ಉಳಿದಿತ್ತು. ಅದನ್ನು ನೋಡಿಕೊಂಡು ಬಣ್ಣ ಕಲಸಲು ಪೇಂಟರಿಗೆ ಹೇಳಿದ್ದಾರೆ.